ಕೂಗಿದ್ದು, ಬಂದದ್ದು

2020ರ ಜನವರಿ 4, ಶನಿವಾರ. ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರ ಕೋಣೆಯಲ್ಲಿ ನಾಲ್ಕು ಜನ ಚಾಪೆಯ ಮೇಲೆ ಕೂತು ರೊಕ್ಕ ಎಣಿಸಿದೆವು. ಮೂರು ಸಲ ಎಣಿಸಿದೆವು. ಮೊದಲೇ ರಶೀದಿ ಹರಿದು ಕೂಡಿಸಿದ್ದೂ ಸೇರಿ 1,38,450 ರೂಪಾಯಿ. ಆದರೆ ಒಂದು ತಾಸಿನ ಹಿಂದೆ ಮೈಕಿನಲ್ಲಿ ಊರೆಲ್ಲ ಕೇಳಿದ ಮೊತ್ತ 2,31,550. ಈ ಎರಡು ಅಂಕಿಗಳ ನಡುವಿನ 93,100 ರೂಪಾಯಿ ಮುಂದೆ ಒಂಬತ್ತು ತಿಂಗಳು ನನ್ನ ಬೆನ್ನು ಬಿಡಲಿಲ್ಲ. ಆ ಒಂಬತ್ತು ತಿಂಗಳ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಶಾಲೆಗಾಗಿ ಮಕ್ಕಳನ್ನು ವೇದಿಕೆ ಹತ್ತಿಸಿ ಹಣ ಕೂಡಿಸಬೇಕೆಂದಿರುವ ಶಿಕ್ಷಕರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ಗದಗ ಜಿಲ್ಲೆ ನರಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಒಂದು ಹಳ್ಳಿ ಅದು. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಆಗ ಕನ್ನಡ ಶಿಕ್ಷಕಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ. 2019ರ ಆಗಸ್ಟ್ ಎರಡನೇ ವಾರ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ರೇಣುಕಾಸಾಗರ ತುಂಬಿ ಗೇಟು ತೆರೆದಾಗ ಕೆಳಗಿನ ಊರುಗಳಿಗೆ ಹೊಳೆ ನುಗ್ಗಿತು. ಜನ ದನಕರು ಹೊಡೆದುಕೊಂಡು, ಕೂಸುಗಳನ್ನು ಎತ್ತಿಕೊಂಡು ಎತ್ತರದ ಜಾಗ ಹಿಡಿದರು. ಪರಿಹಾರ ಕೇಂದ್ರದಿಂದ ಅವರು ಮರಳಿ ಬಂದಾಗ ಮಣ್ಣಿನ ಮನೆಗಳು ಗೋಡೆ ಬಿಟ್ಟು ಕೂತಿದ್ದವು. ಹೊಲದಲ್ಲಿ ಹೆಸರು ಕೊಳೆತಿತ್ತು.

ಶಾಲೆಯೊಳಗೆ ನಾಲ್ಕು ದಿನ ಎದೆಮಟ್ಟ ನೀರು ನಿಂತಿತ್ತು. ನೀರು ಇಳಿದ ಮೇಲೆ ಉಳಿದದ್ದು ಎರೆಮಣ್ಣಿನ ರಾಡಿ. ಗ್ರಂಥಾಲಯದ ಕಬ್ಬಿಣದ ಕಪಾಟಿನ ಬಾಗಿಲು ತೆರೆಯಲಿಲ್ಲ. ಒಳಗಿನ ಪುಸ್ತಕಗಳು ನೀರು ಕುಡಿದು ಉಬ್ಬಿ ಒಂದನ್ನೊಂದು ಒತ್ತಿ ಹಿಡಿದಿದ್ದವು. ಬೆಸುಗೆ ಹಾಕುವವನನ್ನು ಕರೆಸಿ ಕಪಾಟಿನ ಹಿಂಬದಿ ಕೊರೆಸಿದೆವು. ಹನ್ನೊಂದು ವರ್ಷ ಒಂದೊಂದಾಗಿ ಕೂಡಿಸಿದ್ದ 1,100 ಪುಸ್ತಕಗಳಲ್ಲಿ ಒಂದೂ ಓದಲು ಬರುವಂತೆ ಉಳಿದಿರಲಿಲ್ಲ. ಹಾರ್ಮೋನಿಯಂ ಹೋಯಿತು, ವಿಜ್ಞಾನದ ಪೆಟ್ಟಿಗೆ ಹೋಯಿತು, ಬೆಂಚುಗಳ ಹಲಗೆ ಪದರು ಬಿಟ್ಟವು. ಅಕ್ಟೋಬರಿನಲ್ಲಿ ಹೊಳೆ ಇನ್ನೊಮ್ಮೆ ಬಂತು. ಗೋಡೆ, ಚಾವಣಿಯ ದುರಸ್ತಿ ಸರ್ಕಾರದ ಪಟ್ಟಿಯಲ್ಲಿ ಸೇರಿತು. ಪುಸ್ತಕ ಮತ್ತು ಬೆಂಚು ಯಾವ ಪಟ್ಟಿಯಲ್ಲೂ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಹಿಂದೆ ಕಂಪನಿ ನಾಟಕದವರು ಊರು ಬಿಡುವ ಮುಂಚೆ ಶಾಲೆಗೋ ಗುಡಿಗೋ ಒಂದು ರಾತ್ರಿಯ ಕಲೆಕ್ಷನ್ ಬಿಟ್ಟುಕೊಡುತ್ತಿದ್ದರು. ಹಿರಿಯರು ಅದನ್ನು ಈಗಲೂ ಬೆನಿಫಿಟ್ ನಾಟಕ ಎಂದೇ ನೆನೆಯುತ್ತಾರೆ. ನಮ್ಮ ಮಕ್ಕಳೇ ಒಂದು ರಾತ್ರಿ ತಮಗೆ ಬಂದದ್ದನ್ನು ಆಡಿ ತೋರಿಸಿದರೆ ಹೇಗೆ ಎಂದು ನಾನು ಕೇಳಿದೆ. ಹೆಡ್‌ಮಾಸ್ತರರು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ಕರೆದು ಹೇಳಿದರು: "ಅಕ್ಕೋರ, ಮಕ್ಕಳು ಕುಣೀತಾವ, ಅದಕ್ಕ ನನಗ ಅಂಜಿಕಿ ಇಲ್ಲ. ರೊಕ್ಕ ಬಂತಂದ್ರ ಅದರ ಹಿಂದ ಮಾತು ಬರತಾವ. ಅದಕ್ಕ ಅಂಜತೀನಿ."

ಅವರು ಹೇಳಿದ ಎಚ್ಚರಗಳನ್ನೆಲ್ಲ ಪಾಲಿಸಿದೆವು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಠರಾವು ಮಾಡಿದೆವು. ಅಧ್ಯಕ್ಷರ ಮತ್ತು ಹೆಡ್‌ಮಾಸ್ತರರ ಜಂಟಿ ಖಾತೆ ತೆರೆದೆವು. ನಂಬರು ಹಾಕಿದ ರಶೀದಿ ಪುಸ್ತಕ ಅಚ್ಚು ಹಾಕಿಸಿದೆವು. ಟಿಕೆಟ್ ಇಡುವ ಮಾತು ಬಂದಾಗ ಒಬ್ಬ ತಾಯಿ ಎದ್ದು ನಿಂತು, "ಹೊಳಿ ಉಂಡ ಊರಾಗ ಟಿಕೀಟು ಇಡ್ತೀರೇನ್ರಿ?" ಎಂದರು. ಆ ಮಾತು ಎಲ್ಲರಿಗೂ ತಟ್ಟಿತು. ಊರವರಿಗೆ ಪುಕ್ಕಟೆ, ಪೇಟೆಯ ಅಂಗಡಿಕಾರರು ಮತ್ತು ಹಳೆಯ ವಿದ್ಯಾರ್ಥಿಗಳಿಂದ ರಶೀದಿಯ ಮೇಲೆ ದೇಣಿಗೆ, ಉಳಿದದ್ದು ಆ ರಾತ್ರಿ ಮನಸ್ಸಿದ್ದವರು ಕೊಟ್ಟಷ್ಟು ಎಂದು ನಿಶ್ಚಯಿಸಿದೆವು.

ಡಿಸೆಂಬರ್ ಪೂರ್ತಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಬೇವಿನ ಮರದ ಕೆಳಗೆ ತಾಲೀಮು. ಮಾರ್ಚ್ 27ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗುವುದಿತ್ತು. ಹತ್ತನೆಯವರ ಅಪ್ಪಂದಿರು ಬಂದು ಸಿಟ್ಟು ಮಾಡಿದರು. ಆರರ ನಂತರ ಒಂದು ತಾಸು ನಾನೇ ಕೂತು ಓದಿಸುತ್ತೇನೆಂದು ಮಾತು ಕೊಟ್ಟು ಒಪ್ಪಿಸಿದೆ. ಆ ಮಾತು ಉಳಿಸಿಕೊಂಡೆ. ಕಡೆಯ ಬಸ್ಸು ತಪ್ಪಿದ ಎಷ್ಟೋ ದಿನ ವಿದ್ಯಾರ್ಥಿಗಳ ಮನೆಯಲ್ಲೇ ರೊಟ್ಟಿ ತಿಂದು ಮಲಗಿದೆ.

ಆ ತಾಲೀಮಿನಲ್ಲಿ ನಾನು ಕಂಡದ್ದು ಹನ್ನೊಂದು ವರ್ಷದ ಪಾಠದಲ್ಲಿ ಕಂಡಿರಲಿಲ್ಲ. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗ ಹಂತಿ ಪದ ಹಾಡುತ್ತೇನೆಂದು ಬಂದ. ರಾಶಿ ಮಾಡುವಾಗ, ಎತ್ತುಗಳು ಮೇಟಿಯ ಸುತ್ತ ತಿರುಗುವಾಗ ಹಾಡುವ ಪದ ಅವು. ಈಗ ಕಣದಲ್ಲಿ ಯಂತ್ರ ಬಂದಿದೆ, ಪದ ನಿಂತಿದೆ. ಹುಡುಗ ಕಣದಲ್ಲಿ ಅವನ್ನು ಕೇಳಿದವನೇ ಅಲ್ಲ. ಪರಿಹಾರ ಕೇಂದ್ರದ ರಾತ್ರಿಗಳಲ್ಲಿ ನಿದ್ದೆ ಬಾರದ ಅವನ ಅಜ್ಜ ಗುನುಗುತ್ತಿದ್ದನಂತೆ, ಪಕ್ಕದಲ್ಲಿ ಮಲಗಿ ಕಲಿತನಂತೆ. ಎಂಟು ಹುಡುಗಿಯರು ಕೋಲಾಟಕ್ಕೆ ನಿಂತರು. ಅವರಲ್ಲಿ ಮೂವರ ಮನೆ ಬಿದ್ದಿತ್ತು. ಕೋಲು ಕೊಳ್ಳುವುದು ಬೇಡ ಎಂದು ಬಿದ್ದ ಮನೆಯ ಜಂತಿಯ ಕಟ್ಟಿಗೆಯನ್ನೇ ಸೀಳಿಸಿ, ಕೆತ್ತಿಸಿ ತಂದರು. ಹಾರ್ಮೋನಿಯಂ ಭಜನಾ ಮೇಳದವರು ಕೊಟ್ಟರು. ನಾಲ್ಕು ಹುಡುಗರು ಹಗ್ಗದ ಮಲ್ಲಕಂಬ ಕಲಿತಿದ್ದರು. ಹಗ್ಗ ಕಟ್ಟಲು ಅದೇ ಬೇವಿನ ಟೊಂಗೆ.

ಕಾರ್ಯಕ್ರಮ ಚೆನ್ನಾಗಿ ಆಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈದಾನ ತುಂಬಿ ಜನ ಕೌದಿ ಹೊದ್ದು ಕೂತಿದ್ದರು. ಹೊಳೆ ಬಂದ ಮೇಲೆ ಆ ಊರಿನವರು ಒಟ್ಟಿಗೆ ಕೂತು ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ನಾನು ತಪ್ಪಿದ್ದು ಎಲ್ಲಿ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು. ನಮ್ಮ ಕಡೆಯ ನಾಟಕಗಳಲ್ಲಿ ಪಾತ್ರಧಾರಿಗೆ ಆಯಾರ ಮಾಡುವ ರೂಢಿ ಇದೆ. ಮೆಚ್ಚಿದವರು ಇಂತಿಷ್ಟು ಎಂದು ಚೀಟಿ ಕೊಡುತ್ತಾರೆ, ಅವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಇಲ್ಲಿಯೂ ಚೀಟಿ ಬರತೊಡಗಿದವು. ಕೆಲವದರ ಜೊತೆ ರೊಕ್ಕ ಇತ್ತು. ಕೆಲವರು ಚೀಟಿ ಕೊಟ್ಟು, "ಸುಗ್ಗಿ ಆದ ಮ್ಯಾಲೆ ಕೊಡತೀನ್ರಿ ಅಕ್ಕೋರ" ಎಂದರು. ನಾನು ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಚ್ಚಬಾರದೆಂಬುದು 2000ದ ಶಬ್ದ ಮಾಲಿನ್ಯ ನಿಯಮ. ಠಾಣೆಯವರು ಅನುಮತಿ ಕೊಡುವಾಗ ಅದನ್ನು ಒತ್ತಿ ಹೇಳಿದ್ದರು. ಒಂಬತ್ತೂವರೆಗೆ ಕಡೆಯ ಕೋಲಾಟ ಮುಗಿಯಿತು. ಉಳಿದ ಅರ್ಧ ತಾಸಿನಲ್ಲಿ, ಮೊದಲೇ ರಶೀದಿ ಪಡೆದವರನ್ನೂ ಸೇರಿಸಿ 118 ಚೀಟಿಗಳನ್ನು ಓದಬೇಕು. ನಿರೂಪಣೆಗೆ ನಿಂತ ಹಳೆಯ ವಿದ್ಯಾರ್ಥಿ ಒಂದೇ ಉಸಿರಿಗೆ ಓದಿದ. ಓದಿದಂತೆ ಇನ್ನೊಬ್ಬ ಕೂಡಿಸುತ್ತಾ ಹೋದ. ಹತ್ತಕ್ಕೆ ಎರಡು ನಿಮಿಷ ಇರುವಾಗ, "ಕೂಡಿದ ಒಟ್ಟು ರೊಕ್ಕ ಎರಡು ಲಕ್ಷದ ಮೂವತ್ತೊಂದು ಸಾವಿರದ ಐನೂರಾ ಐವತ್ತು ರೂಪಾಯಿ" ಎಂದು ಕೂಗಿ ಮೈಕು ಬಂದ್ ಮಾಡಿದರು. ಕೂಡಿದ ರೊಕ್ಕ ಎಂದರು. ಕೂಡಬೇಕಾದ ರೊಕ್ಕ ಎನ್ನಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ತಿದ್ದಲಿಲ್ಲ.

ಸೋಮವಾರ ರೊಕ್ಕ ಬ್ಯಾಂಕಿಗೆ ಹೋಯಿತು. ಪೆಂಡಾಲಿಗೆ 13,500, ಮೈಕು ಮತ್ತು ಜನರೇಟರಿಗೆ 9,000, ವೇಷಭೂಷಣದ ಬಾಡಿಗೆ 6,200, ಅಚ್ಚು ಮತ್ತು ಇತರ ಖರ್ಚು 2,750. ಕಳೆದು ಉಳಿದದ್ದು 1,07,000. ಕೊಠಡಿಯ ದುರಸ್ತಿ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಏಪ್ರಿಲಿನಲ್ಲಿ ಕಪಾಟು, ಬೆಂಚು, ಪುಸ್ತಕ ತರುವುದೆಂದು ಬರೆದಿಟ್ಟುಕೊಂಡೆವು. ಅಷ್ಟರಲ್ಲಿ ಕೊರೊನಾ ಬಂದು ಮಾರ್ಚ್ ನಡುವೆ ಶಾಲೆಗಳು ಮುಚ್ಚಿದವು. 25ಕ್ಕೆ ದೇಶಕ್ಕೇ ಬೀಗ ಬಿತ್ತು. ತಡವಾಗಿ ಬಿತ್ತಿದ ಕಡಲೆ, ಜೋಳ ಆಗಷ್ಟೇ ಮನೆಗೆ ಬಂದಿದ್ದವು. ಮಾರಲು ಪೇಟೆ ಇರಲಿಲ್ಲ. ಸುಗ್ಗಿ ಆದ ಮೇಲೆ ಕೊಡುತ್ತೇನೆಂದವರ ಕೈಯಲ್ಲಿ ಕಾಳು ಇತ್ತು, ಕಾಸು ಇರಲಿಲ್ಲ.

ನಾನು ಧಾರವಾಡದ ಮನೆಯಲ್ಲಿದ್ದೆ. ಏಪ್ರಿಲ್ ಕೊನೆಗೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಎರಡು ಲಕ್ಷದ ಮೂವತ್ತೊಂದು ಸಾವಿರ ಕೂಡಿತ್ತು, ಪುಸ್ತಕ ಎಲ್ಲಿ, ಬೆಂಚು ಎಲ್ಲಿ ಎಂದು ಕೇಳಿದ್ದರು. ಕೇಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವರು ಮೈಕಿನಲ್ಲಿ ಕೇಳಿದ್ದನ್ನೇ ಕೇಳಿದರು. ಆದರೆ ಮೇ ತಿಂಗಳಲ್ಲಿ ಪ್ರಶ್ನೆ ಮಾತಾಯಿತು, ಮಾತು ತೀರ್ಪಾಯಿತು. ಅಕ್ಕೋರು ಧಾರವಾಡದಲ್ಲಿ ಮನೆಯ ಮೇಲೆ ಮನೆ ಕಟ್ಟಿಸುತ್ತಿದ್ದಾರಂತೆ ಎಂದು ಯಾರೋ ಹೇಳಿದರಂತೆ. ನಾವು ಇದ್ದದ್ದು ಬಾಡಿಗೆ ಮನೆಯಲ್ಲಿ.

ಹಸಿವು ಸತ್ತುಹೋಯಿತು. ಫೋನು ಸದ್ದು ಮಾಡಿದರೆ ಎದೆ ಡವಡವ ಎನ್ನುತ್ತಿತ್ತು. ರಾತ್ರಿ ಎದ್ದು ಕೂತು ಪಾಸ್‌ಬುಕ್ಕಿನ ನಕಲು, ರಶೀದಿಯ ಅಡಿಪ್ರತಿ ತೆಗೆದು ಮತ್ತೆ ಮತ್ತೆ ಕೂಡಿಸುತ್ತಿದ್ದೆ, ಲೆಕ್ಕದಲ್ಲಿ ನನಗೇ ತಿಳಿಯದ ತಪ್ಪು ಇದ್ದೀತೇ ಎಂದು. ಇರಲಿಲ್ಲ. ತಪ್ಪು ಕೂಗಿದ್ದರಲ್ಲಿ ಇತ್ತು.

118 ಚೀಟಿಗಳೂ ನನ್ನ ಬಳಿ ಇದ್ದವು. ರೊಕ್ಕ ಬಾರದ 43ನ್ನು ಬೇರೆ ಕಟ್ಟಿದ್ದೆ. ಮನೆಯವರು ಹೇಳಿದರು: "ಆ ಹೆಸರು ಹಾಕಿಬಿಡು. ನಾಳೆಯಿಂದ ಯಾರೂ ನಿನ್ನನ್ನು ಕೇಳೋದಿಲ್ಲ." ಒಂದು ರಾತ್ರಿ ಫೋನಿನಲ್ಲಿ ಪಟ್ಟಿ ಟೈಪು ಮಾಡಲು ಕೂತೆ. ಹದಿನೇಳನೆಯ ಹೆಸರಿಗೆ ಬಂದು ನಿಲ್ಲಿಸಿದೆ. ಕೋಲಾಟದ ಹುಡುಗಿಯೊಬ್ಬಳ ತಾಯಿ ಆಕೆ, 501 ರೂಪಾಯಿ. ಗಂಡ ಇಲ್ಲ, ಮನೆ ಬಿದ್ದಿದೆ, ತಗಡಿನ ಶೆಡ್ಡಿನಲ್ಲಿ ಸಂಸಾರ. ಆಕೆ ಚೀಟಿ ಕೊಟ್ಟದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಮಗಳು ಕುಣಿಯುತ್ತಿರುವಾಗ ವೇದಿಕೆಯ ಮಗ್ಗುಲಿಗೆ ಬಂದು, ಸೆರಗಿನಿಂದ ಕಣ್ಣು ಒರೆಸಿಕೊಂಡು, "ನನ್ನ ಮಗಳ ಹೆಸರಿಗೆ ಐನೂರಾ ಒಂದು ಬರಕೊಳ್ರಿ" ಎಂದಿದ್ದರು. ಆ ಹೊತ್ತಿನಲ್ಲಿ ಆಕೆಗೆ ಕೊಡುವ ಮನಸ್ಸು ಇದ್ದೇ ಇತ್ತು. ಅದನ್ನು ನಾನು ಮೋಸದ ಪಟ್ಟಿಗೆ ಸೇರಿಸುವುದು ಹೇಗೆ? 43 ಮನೆಗಳಲ್ಲಿ ಬಹಳಷ್ಟು ಹೊಳೆ ಹೊಕ್ಕ ಮನೆಗಳೇ. ನನ್ನ ಹೆಸರು ತೊಳೆಯಲು ಅವರ ಹೆಸರಿಗೆ ರಾಡಿ ಹಚ್ಚಬೇಕಿತ್ತು. ಟೈಪು ಮಾಡಿದ್ದನ್ನು ಅಳಿಸಿದೆ.

ಜೂನ್ 25ಕ್ಕೆ ಮುಂದೆ ಹೋಗಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿ, ಕೈಗೆ ಸ್ಯಾನಿಟೈಜರ್ ಹಾಕಿ ಮಕ್ಕಳನ್ನು ಒಳಗೆ ಬಿಡುತ್ತಿದ್ದೆವು. ಮೂರು ತಿಂಗಳ ಮೇಲೆ ನೋಡಿದ ಮುಖಗಳು, ಅರ್ಧ ಮಾಸ್ಕಿನಲ್ಲಿ. ಕಡೆಯ ದಿನ ಆ ಕೋಲಾಟದ ಹುಡುಗಿ ಪರೀಕ್ಷೆ ಮುಗಿಸಿ ಹೊರಗೆ ಬಂದು ನನ್ನ ಮುಂದೆ ನಿಂತಳು. ನೆಲ ನೋಡುತ್ತಾ ಕೇಳಿದಳು: "ಅಕ್ಕೋರ, ನಮ್ಮ ಕುಣಿತದ ರೊಕ್ಕ ಎಲ್ಲೈತ್ರಿ?"

ಊರವರ ಮಾತು, ಫೋನಿನ ಸಂದೇಶ ಎಲ್ಲವನ್ನೂ ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ. "ಬ್ಯಾಂಕಿನಾಗ ಐತವ್ವ, ಭದ್ರ ಐತಿ" ಎಂದೆ. ತಲೆ ಆಡಿಸಿ ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಿನ್ನ ತಾಯಿಯ ಹೆಸರನ್ನೇ ನಾನು ಕಾಯುತ್ತಿದ್ದೇನೆ ಎಂದು ಅವಳಿಗೆ ಹೇಳುವಂತಿರಲಿಲ್ಲ.

ಜುಲೈಯಲ್ಲಿ ನನಗೆ ಕಾರಣ ಕೇಳುವ ನೋಟಿಸು ಬಂತು. ಯಾರೋ ಮೂಗರ್ಜಿ ಹಾಕಿದ್ದರು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಠರಾವು, ರಶೀದಿ, ಪಾಸ್‌ಬುಕ್ಕು, ಖರ್ಚಿನ ಬಿಲ್ಲು ಇಟ್ಟೆ. 43 ಚೀಟಿಯನ್ನೂ ಇಟ್ಟೆ. ವಿಚಾರಣೆ ಮಾಡುವವರಿಂದ ಮುಚ್ಚಿಡುವುದು ಸರಿಯಲ್ಲ. ಅವರು ಎರಡು ತಾಸು ಕೂತು ತಾಳೆ ನೋಡಿದರು. "ಲೆಕ್ಕ ಸರಿ ಅದ. ಈ ಪಟ್ಟಿ ಬೋರ್ಡಿಗೆ ಹಚ್ಚಿಸಿಬಿಡ್ರಿ, ಬಾಯಿ ಮುಚ್ಚತಾವ" ಎಂದರು. ಹಚ್ಚಿಸಲಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿಗಳನ್ನು ಲಕೋಟೆಗೆ ಹಾಕಿ ಸಹಿ ಮಾಡಿ ಹೆಡ್‌ಮಾಸ್ತರರಿಗೆ ಕೊಟ್ಟರು. ಕಾಗದದಲ್ಲಿ ನಾನು ನಿರ್ದೋಷಿಯಾದೆ. ಊರಿಗೆ ಅದು ಗೊತ್ತಾಗಲಿಲ್ಲ. ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಬಂತು. ಗುಡಿಯ ಕಟ್ಟೆಯ ಮೇಲೆ ಹುಡುಗರನ್ನು ಕೂಡಿಸಿ ಪಾಠ ಮಾಡುವಾಗ ಆಚೆ ಕೂತವರು ಮಾತು ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. ಪಾಠ ನಿಲ್ಲಿಸಲಿಲ್ಲ. ನನಗೆ ಉಳಿದಿದ್ದ ಒಂದೇ ಉತ್ತರ ಅದು.

ದಾರಿ ತೋರಿಸಿದವರು ಊರಿನ ಸೊಸೈಟಿಯಲ್ಲಿ ಬಹಳ ವರ್ಷ ಸೆಕ್ರೆಟರಿ ಆಗಿದ್ದ ಹಿರಿಯರು. ಒಂದು ದಿನ ಕಟ್ಟೆಗೇ ಬಂದು ಹೇಳಿದರು: "ಅಕ್ಕೋರ, ಇದು ಕಣಗಿನಹಾಳ ಇರೋ ಜಿಲ್ಲಾ. ಲೆಕ್ಕ ಮಾಡಿ ಇಟ್ಟರ ಸಾಲದು, ಮಂದಿ ಮುಂದ ಓದಬೇಕು." 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘ ದೇಶಕ್ಕೇ ಮೊದಲನೆಯದೆಂದು ಹೆಸರಾದದ್ದು. ರೈತರು ರೈತರನ್ನು ನಂಬಿ ರೊಕ್ಕ ಇಡುವ ಕೆಲಸ ಶುರುವಾದ ನೆಲ ಇದು. ಹೆಸರು ಹೇಳಲಾರೆ ಎಂದೆ. "ಹೆಸರು ಯಾಕ ಬೇಕು? ಕೂಗಿದ್ದು ಎಷ್ಟು, ಬಂದದ್ದು ಎಷ್ಟು, ಎರಡು ಅಂಕಿ ಓದ್ರಿ. ಕೂಗಿದವರಿಗೆ ತಮ್ಮದು ಗೊತ್ತಿರತೈತಿ" ಎಂದರು. ಎಂಟು ತಿಂಗಳು ನಿದ್ದೆಗೆಟ್ಟ ನನಗೆ ಇದು ಹೊಳೆದಿರಲಿಲ್ಲ.

2020ರ ಅಕ್ಟೋಬರ್ 2ರಂದು ಧ್ವಜದ ಕಟ್ಟೆಯ ಮುಂದೆ ಎಸ್‌ಡಿಎಂಸಿ ಸಭೆ ಸೇರಿತು. ಜನ ದೂರ ದೂರ ನಿಂತಿದ್ದರು. ಮೈಕು ಇರಲಿಲ್ಲ. ನಾನೇ ಓದಿದೆ. "ಕೂಗಿದ್ದು 2,31,550. ಬಂದದ್ದು 1,38,450. ಬರಬೇಕಾದದ್ದು 93,100." ಆಮೇಲೆ ಬಂದದ್ದರ ಖರ್ಚು, ಬಿಲ್ಲಿನ ನಂಬರಿನ ಸಮೇತ. ಬ್ಯಾಂಕಿನಲ್ಲಿರುವ ಶಿಲ್ಕು. ಕಡೆಗೆ ಹೇಳಿದೆ: "ಆ ರಾತ್ರಿ ಎಲ್ಲಾ ಕೂಡಿತು ಅಂತ ಕೂಗಿದ್ದು ತಪ್ಪು. ಪಕ್ಕದಾಗ ನಿಂತು ತಿದ್ದಲಿಲ್ಲ, ಆ ತಪ್ಪು ನನ್ನದು. ಬರಬೇಕಾದದ್ದನ್ನ ಯಾರನ್ನೂ ಕೇಳೋದಿಲ್ಲ. ಹೊಳಿ ಬಂದ ವರ್ಷ ಕೊಟ್ಟ ಮಾತಿಗೆ ಗಡುವು ಇಲ್ಲ."

ಯಾರೂ ಮಾತಾಡಲಿಲ್ಲ. ಚಪ್ಪಾಳೆಯಿಲ್ಲ, ಕ್ಷಮೆಯಿಲ್ಲ. ಜನ ಚದುರಿದರು. ನಾನು ಕಾಗದ ಮಡಚಿಟ್ಟುಕೊಂಡು ಬಸ್ಸಿಗೆ ನಡೆದೆ. ಆ ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ.

ನಾಲ್ಕು ದಿನ ಬಿಟ್ಟು ಹಂತಿ ಪದದ ಹುಡುಗನ ಅಜ್ಜ ಬಂದರು. ದೋತರದ ತುದಿಯಲ್ಲಿ ಗಂಟು ಕಟ್ಟಿದ್ದ 251 ರೂಪಾಯಿ ಬಿಚ್ಚಿ ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು, ರಶೀದಿ ತಗೊಂಡು, ಏನೂ ಹೇಳದೆ ಹೋದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಬ್ಬರು ಎರಡು ಕಂತಿನಲ್ಲಿ ಕೊಟ್ಟರು. ಒಬ್ಬರು ರೊಕ್ಕದ ಬದಲು ಹೊಲದ ಬದುವಿನಲ್ಲಿ ಬಿದ್ದಿದ್ದ ಬೇವಿನ ದಿಮ್ಮಿ ಕೊಟ್ಟರು. ಸಾವಿರದೊಂದು ಎಂದು ಚೀಟಿ ಬರೆದಿದ್ದ ಬಡಿಗರು ಅದನ್ನು ಕೂಲಿ ಇಲ್ಲದೆ ಕೊಯ್ದು ಪುಸ್ತಕದ ಹಲಗೆ ಮಾಡಿದರು. ಬೇವಿಗೆ ಹುಳ ಹಿಡಿಯುವುದಿಲ್ಲ ಎಂದರು. ವರ್ಷ ಮುಗಿಯುವುದರೊಳಗೆ 26 ಜನರಿಂದ 41,700 ರೂಪಾಯಿ ಬಂತು. ದಿಮ್ಮಿ ಮತ್ತು ದುಡಿಮೆಯನ್ನು ಬೇರೆ ಕಾಲಮ್ಮಿನಲ್ಲಿ ಬರೆದೆವು. ಉಳಿದ ಚೀಟಿಗಳು ಲಕೋಟೆಯಲ್ಲೇ ಇವೆ.

ಅಂದಿನಿಂದ ನಾನು ಯಾವ ಶಾಲೆಯಲ್ಲಿದ್ದರೂ ದೇಣಿಗೆಯ ವಹಿಯಲ್ಲಿ ಎರಡು ಕಾಲಮ್ಮು ಹಾಕಿಸುತ್ತೇನೆ: ಕೂಗಿದ್ದು, ಬಂದದ್ದು. ಚೀಟಿಯ ಬಣ್ಣವೇ ಬೇರೆ ಬೇರೆ. ಒಟ್ಟು ಮೊತ್ತ ಕೂಗುವುದು ಎಣಿಸಿದ ಮರುದಿನ. ಲೆಕ್ಕ ಓದುವುದು ತಿಂಗಳೊಳಗೆ, ಕುಣಿದ ಮಕ್ಕಳನ್ನೇ ಮುಂದೆ ಕೂಡಿಸಿಕೊಂಡು. ರೊಕ್ಕ ಅವರ ಬೆವರಿನದು. ಅದು ಎಲ್ಲಿದೆ ಎಂದು ಅವರು ತಲೆ ತಗ್ಗಿಸಿ ಕೇಳುವಂತಾಗಬಾರದು.

2021ರ ಜನವರಿ 1ರಂದು ಹತ್ತನೆಯವರಿಗೆ ಶಾಲೆ ತೆರೆಯಿತು. ಆ ವಾರವೇ ಗ್ರಂಥಾಲಯದ ಕೊಠಡಿಯ ಬಾಗಿಲು ತೆಗೆದೆವು. ಹಲಗೆಗಳಿಗೆ ಇನ್ನೂ ಬೇವಿನ ವಾಸನೆ ಇತ್ತು. ಕುಣಿದ ಹತ್ತನೆಯವರು ಶಾಲೆ ಬಿಟ್ಟು ಹೋಗಿದ್ದರು. ಆದರೆ ಆ ಹುಡುಗಿ ತಂಗಿಯನ್ನು ಬಿಡಲು ಬಂದಳು. ಬಾಗಿಲ ಒಳಗೆ ಅಂಟಿಸಿದ್ದ ಲೆಕ್ಕದ ಹಾಳೆಯ ಮುಂದೆ ನಿಂತು, ಬೆರಳಿಟ್ಟು, ಸಾಲು ಸಾಲಾಗಿ ಓದಿದಳು. ವೇಷಭೂಷಣದ ಬಾಡಿಗೆ 6,200 ಎಂಬಲ್ಲಿ ಬೆರಳು ನಿಂತಿತು.

"ಇದ್ರಾಗ ನಮ್ಮ ಹಸರ ಸೀರಿ ಬಾಡಿಗಿನೂ ಐತೇನ್ರಿ ಅಕ್ಕೋರ?"

"ಐತವ್ವ. ಎಂಟು ಸೀರಿ."

ಅವಳು ತಂಗಿಯನ್ನು ಹತ್ತಿರ ಕರೆದು ಆ ಸಾಲನ್ನು ತೋರಿಸಿದಳು. ಆಮೇಲೆ ಇಬ್ಬರೂ ಒಳಗೆ ಹೋಗಿ ಪುಸ್ತಕ ನೋಡತೊಡಗಿದರು.